ಅಕ್ಷರ ಮೊದಲು ಕೈಗೋ, ಕಿವಿಗೋ?

ಪ್ರಶ್ನೆ: ಒಂದನೇ ತರಗತಿಯ ಮಗುವಿಗೆ ಓದು ಹತ್ತಬೇಕಾದರೆ ದಿನವೂ ಕೈಬರಹ ಕಡ್ಡಾಯವಾಗಬೇಕೆ?

ಪರ

ಆಗಬೇಕು. ಅಕ್ಷರ ಗುರುತಿಸುವುದು ಬರೀ ಕಣ್ಣಿನ ಕೆಲಸ ಎನ್ನುವವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ 2012ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಗಮನಿಸಲಿ. ಇನ್ನೂ ಓದಲು ಬಾರದ ಐದರ ಆಸುಪಾಸಿನ ಮಕ್ಕಳು ಕೆಲವು ಅಕ್ಷರಗಳನ್ನು ಕೈಯಾರೆ ಬರೆದರು, ಕೆಲವನ್ನು ಕೀಲಿ ಒತ್ತಿ ಮೂಡಿಸಿದರು, ಇನ್ನು ಕೆಲವನ್ನು ಬರೆದದ್ದರ ಮೇಲೆಯೇ ತಿದ್ದಿದರು. ಆಮೇಲೆ ಅವೇ ಅಕ್ಷರಗಳನ್ನು ತೋರಿಸುತ್ತ ಮಿದುಳನ್ನು ಸ್ಕ್ಯಾನ್ ಮಾಡಿದರು. ದೊಡ್ಡವರು ಓದುವಾಗ ಚುರುಕಾಗುವ ಭಾಗಗಳು ಎಚ್ಚೆತ್ತದ್ದು ಕೈಯಾರೆ ಬರೆದವುಗಳಿಗೆ. ಅದಕ್ಕೆ ಕೊಟ್ಟ ಒಂದು ವಿವರಣೆ ನನಗೆ ಬಹಳ ಹಿಡಿಸಿತು: ಮಗು ಬರೆದದ್ದು ಒಂದೊಂದು ಸಲ ಒಂದೊಂದು ಥರ ಸೊಟ್ಟಗಿರುತ್ತದೆ. ಆ ಸೊಟ್ಟಗಳನ್ನೆಲ್ಲ ಕಂಡ ಮಿದುಳಿಗೆ ಏನು ಬದಲಾದರೂ ಅಕ್ಷರ ಅದೇ, ಏನು ಬದಲಾದರೆ ಬೇರೆ ಎಂಬುದು ತಿಳಿಯುತ್ತದೆ.

ಈ ವಿವೇಚನೆ ಕನ್ನಡದ ಮಗುವಿಗೆ ಇನ್ನೂ ಹೆಚ್ಚು ಬೇಕು. ದ, ಧ ನಡುವೆ ಇರುವುದು ಒಂದು ಹೊಕ್ಕುಳ ಸೀಳು, ಅಷ್ಟೇ. ಕಾಗುಣಿತ, ಒತ್ತು ಸೇರಿದರೆ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು ಇವುಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ತೋರಿಸಿದ್ದಾರೆ. ಮೊಬೈಲಿನಲ್ಲಿ ಇಂಗ್ಲಿಷ್ ಕೀಲಿ ಕುಟ್ಟಿದರೆ 'ಕ್ರ' ಸಿದ್ಧವಾಗಿ ಬಂದು ಕೂರುತ್ತದೆ. ಒತ್ತು ಎಲ್ಲಿ ಬರಬೇಕೆಂದು ಮಗು ಯೋಚಿಸಬೇಕಾದ್ದೇ ಇಲ್ಲ.

ವಿರೋಧ

ಅದೇ ಪ್ರಯೋಗದಲ್ಲಿ ಮೇಲಿನವರು ಹೇಳದೆ ಬಿಟ್ಟದ್ದೊಂದಿದೆ: ತಿದ್ದಿದ ಅಕ್ಷರಗಳೂ ಕೀಲಿ ಒತ್ತಿದವುಗಳಂತೆಯೇ ಸೋತವು. ನಮ್ಮ ಎಷ್ಟೋ ಶಾಲೆಗಳಲ್ಲಿ 'ಬರೆಯಿಸುವುದು' ಎಂದರೆ ತಿದ್ದಿಸುವುದು, ಇಲ್ಲವೇ ಬೋರ್ಡಿನಿಂದ ಕಾಪಿ ಮಾಡಿಸುವುದು. ಕಡ್ಡಾಯ ಮಾಡಿದರೆ ಹೆಚ್ಚುವುದು ಇದೇ. (ತಪಾಸಣೆಗೆ ಬಂದವರಿಗೂ ತುಂಬಿದ ನೋಟ್‌ಬುಕ್ ಎಣಿಸುವುದೇ ಸುಲಭ.) ಮೇಲಾಗಿ ಆ ವಯಸ್ಸಿಗೆ ಮಣಿಕಟ್ಟಿನ ಎಂಟು ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬೆರಳು ನೋಯಿಸಿಕೊಂಡ ಮಗುವಿಗೆ ಅಕ್ಷರದ ಮೇಲೆ ಪ್ರೀತಿ ಎಲ್ಲಿಂದ ಬರಬೇಕು?

ಮಿದುಳು ಓದಿಗೆ ಒಂದೇ ದಾರಿ ಹಿಡಿಯುವುದೂ ಇಲ್ಲ. ಹುಟ್ಟಿನಿಂದ ಕಣ್ಣು ಕಾಣದವರು ಬ್ರೈಲ್ ಓದುವಾಗ, ಕಣ್ಣಿದ್ದವರು ಪದ ಗುರುತಿಸಲು ಬಳಸುವ ಜಾಗವೇ ಚುರುಕಾಗುತ್ತದೆಂದು 2011ರ ಅಧ್ಯಯನವೊಂದು ತೋರಿಸಿತು. ಅಲ್ಲಿಯೂ ಬೆರಳೇ ತಾನೇ ಎನ್ನಬಹುದು. ಹೌದು, ಆದರೆ ಅದು ಸುತ್ತು ಬರೆದು ಕಲಿತ ಬೆರಳಲ್ಲ. ಇಬ್ಬರಿಗೂ ಸಮಾನವಾಗಿರುವುದು ಓದುವ ಮೊದಲೇ ಕಿವಿಗೆ ಬಿದ್ದ ಮಾತು.

ಆ ಮಾತೇ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ತುಳು, ಲಂಬಾಣಿ, ಉರ್ದು ಆಡುವ ಮನೆಯಿಂದ ಕನ್ನಡ ಶಾಲೆಗೆ ಬಂದ ಮಗು 'ಬಳಪ' ಎಂದು ಹತ್ತು ಸಲ ದುಂಡಗೆ ಬರೆದೀತು. ಅದು ಏನೆಂದು ತಿಳಿಯದಿದ್ದರೆ ಬರೆದದ್ದು ಬರೀ ಚಿತ್ರ. ಅದರ ಮನೆಯಲ್ಲಿ ಕನ್ನಡ ಪುಸ್ತಕವೂ ಇರದಿದ್ದರೆ ಕನ್ನಡ ಕೇಳುವ ಸಮಯ ಶಾಲೆಯದೊಂದೇ. ಆ ಹೊತ್ತನ್ನು ಕಾಪಿಗೆ ಕೊಡುವುದು ನನ್ನ ಮಟ್ಟಿಗೆ ಅನ್ಯಾಯ. ಮೊದಲ ಅರ್ಧ ವರ್ಷ ಕತೆ, ಪ್ರಾಸ, ಹರಟೆ, ಪದ ಒಡೆದು ಆಡುವ ಆಟ ನಡೆಯಲಿ. ಬರೆಯಲು ಮಗುವೇ ಕೇಳುತ್ತದೆ, ಸಾಮಾನ್ಯವಾಗಿ ತನ್ನ ಹೆಸರಿನಿಂದ. ಆಗ ಚುಕ್ಕೆ ಹಾಕಿಕೊಡದೆ ಬರಿ ಸ್ಲೇಟು ಕೊಟ್ಟರೆ ಸಾಕು.