ಅವ್ವಂಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ

"ಏನಿದ್ರೂ ನಮ್ ಹತ್ರ ಹೇಳಿ ಡಾಕ್ಟ್ರೇ, ಅವ್ವಂಗೆ ಮಾತ್ರ ಗೊತ್ತಾಗ್ಬಾರ್ದು." ಕ್ಯಾನ್ಸರ್ ವಾರ್ಡಿನ ಹೊರಗೆ ಅರ್ಧ ಗಂಟೆ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಹೇಳೋರು ಹೆಚ್ಚಾಗಿ ನಮ್ಮಂಥವರೇ. ಊರು ಬಿಟ್ಟು ಬೆಂಗಳೂರು ಸೇರಿದವರು, ಇನ್ಶೂರೆನ್ಸ್ ಕಾರ್ಡ್ ಹಿಡ್ಕೊಂಡು ಓಡಾಡೋರು, ರಿಪೋರ್ಟ್ ಕೈಗೆ ಬಂದ ಹತ್ತು ನಿಮಿಷಕ್ಕೆ ಗೂಗಲ್ ಮಾಡಿ ಅರ್ಧ ವೈದ್ಯರಾಗೋರು. ಯಾಕೆ ಹೇಳಬಾರದು ಅಂತ ಕೇಳಿದರೆ ಉತ್ತರ ರೆಡಿ: "ನಮ್ ಕಲ್ಚರ್‌ನಲ್ಲಿ ಅದೆಲ್ಲ ಬಾಯ್ಬಿಟ್ಟು ಹೇಳಲ್ಲ ಸಾರ್."

ಯಾವ ಕಲ್ಚರ್ ಸ್ವಾಮಿ ಅದು? ನಮ್ಮ ಅಂಜಿಕೆಗೆ ನಾವೇ ಹೊದಿಸಿರೋ ಶಾಲು ಅಷ್ಟೆ.

ಹೀಗೆ ಸುಳ್ಳು ಹೇಳಿದವರಲ್ಲಿ ನಾನೂ ಒಬ್ಬ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ನಮ್ಮ ದೊಡ್ಡವ್ವನಿಗೆ ದವಡೆಯ ಒಳಗೆ ಹುಣ್ಣಾಯ್ತು. ನಲವತ್ತು ವರ್ಷ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ ಬಾಯಿ. ಬೆಂಗಳೂರಿನ ಒಂದು ಆಸ್ಪತ್ರೆಗೆ (ಹೆಸರು ಬೇಡ) ಕರ್ಕೊಂಡ್ ಬಂದೆವು. ಬಯಾಪ್ಸಿ ರಿಪೋರ್ಟ್ ಬಂದ ದಿನ ವೈದ್ಯರು ಮಂಚದ ಆ ಕಡೆ, ನಾನೂ ಅವಳ ಎರಡನೇ ಮಗನೂ ಈ ಕಡೆ. ಮಧ್ಯೆ ಮಲಗಿದ್ದ ದೊಡ್ಡವ್ವನ ತಲೆ ಮೇಲಿಂದ ಇಂಗ್ಲಿಷ್ ಹಾರಾಡಿತು. ಅವಳು ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ನಾವು ಹೇಳಿದ್ದು: "ಹುಣ್ಣು ಕಣವ್ವ, ಒಂದಷ್ಟು ದಿನ ಕರೆಂಟ್ ಕೊಟ್ರೆ ಹೋಗುತ್ತೆ."

ನಮ್ಮ ಕಡೆ ಕರೆಂಟ್ ಕೊಡೋದು ಅಂದರೆ ಏನು ಅಂತ ಗೊತ್ತಿಲ್ಲದ ಹೆಂಗಸು ಯಾವ ಊರಲ್ಲಿದ್ದಾಳೆ? "ಅವರನ್ನ ಕಿದ್ವಾಯಿಗೆ ಕರ್ಕೊಂಡ್ ಹೋದ್ರಂತೆ" ಅಂದರೆ ಸಾಕು, ಇಡೀ ಬೀದಿಗೆ ಕಾಯಿಲೆ ಹೆಸರು ತಿಳಿಯುತ್ತೆ. 1973ರಲ್ಲಿ ಶುರುವಾದ ಆಸ್ಪತ್ರೆಯ ಹೆಸರೇ ಐವತ್ತು ವರ್ಷದಲ್ಲಿ ಕಾಯಿಲೆಯ ಹೆಸರಾಗಿಬಿಟ್ಟಿದೆ. ನಾವು ಮಾತ್ರ ಅದನ್ನ ಮುಚ್ಚಿಡ್ತೀವಿ ಅಂದ್ಕೊಂಡಿದ್ದೀವಿ.

ಸತ್ತ ಮೇಲೆ ಅತ್ತಿಗೆ ಹೇಳಿದರು. ದೊಡ್ಡವ್ವನಿಗೆ ಎರಡನೇ ದಿನವೇ ಗೊತ್ತಾಗಿತ್ತಂತೆ. ಪಕ್ಕದ ಮಂಚದವಳಿಗೂ ಅದೇ ಜಾಗದಲ್ಲಿ ಅದೇ ಥರ ಬ್ಯಾಂಡೇಜು. ಊರಿಗೆ ಬಂದ ಮೇಲೆ ಅತ್ತಿಗೆ ಹತ್ತಿರ ಹೇಳಿದ್ದಳಂತೆ: "ಹುಡುಗ್ರಿಗೆ ನಂಗೆ ಗೊತ್ತು ಅಂತ ಹೇಳ್ಬೇಡ ಕಣವ್ವ, ಎದ್ರುಕೊತವೆ."

ಅಂದರೆ ಐದು ತಿಂಗಳು ನಾವು ಅವಳ ಮುಂದೆ ನಾಟಕ ಆಡಿದೆವು, ಅವಳು ನಮ್ಮ ಮುಂದೆ ಆಡಿದಳು. ಯಾರೂ ಯಾರ ಹತ್ತಿರವೂ ನಿಜವಾದ ಒಂದು ಮಾತೂ ಆಡಲಿಲ್ಲ. ಶನಿವಾರ ಕಾರು ಹತ್ತಿ ಹೋಗೋದು, ದಾಳಿಂಬೆ, ಪ್ರೋಟೀನ್ ಪೌಡರ್ ಡಬ್ಬಿ ಇಡೋದು, "ಅರಾಮಾಗ್ತೀಯ ಬಿಡವ್ವ" ಅನ್ನೋದು, ಭಾನುವಾರ ಸಂಜೆ ಟ್ರಾಫಿಕ್ ಶುರುವಾಗೋ ಮುಂಚೆ ವಾಪಸ್.

ಸಾವಿನ ಮಾತು ನಮ್ಮ ಸಂಸ್ಕೃತಿಯಲ್ಲಿ ಇಲ್ಲ ಅನ್ನೋರು ಸ್ವಲ್ಪ ಹಾಸನ ಜಿಲ್ಲೆಯಲ್ಲೇ ಸುತ್ತಾಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಎಲ್ಲರೂ ಗೊಮ್ಮಟನ ದೊಡ್ಡ ಬೆಟ್ಟ ಹತ್ತಿ ಸೆಲ್ಫಿ ತಗೊಂಡು ಬರ್ತಾರೆ. ಎದುರಿಗಿರೋ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಈಚೆಗೆ ಕೆತ್ತಿದ ಶಾಸನಗಳಿವೆ. ಅದರಲ್ಲಿ ಎಷ್ಟೋ ಶಾಸನ ಹೇಳೋದು ಒಂದೇ ಸುದ್ದಿ: ಇಂಥವರು ತಮ್ಮ ಕೊನೆ ಹತ್ತಿರ ಬಂತೆಂದು ತಿಳಿದು, ಸಲ್ಲೇಖನ ವ್ರತ ಹಿಡಿದು ತೀರಿಕೊಂಡರು. ಹೊಯ್ಸಳರ ಶಾಂತಲೆಯ ತಾಯಿ ಮಾಚಿಕಬ್ಬೆ ಹೀಗೆ ದೇಹ ಬಿಟ್ಟದ್ದೂ ಅಲ್ಲಿಯ ಶಾಸನದಲ್ಲೇ ಇದೆ. ಸಲ್ಲೇಖನ ಮಾಡಿ ಅಂತ ನಾನು ಹೇಳ್ತಿಲ್ಲ. ಅದು ಜೈನರ ವ್ರತ, ಅದರ ಬಗ್ಗೆ ಕೋರ್ಟಿನಲ್ಲಿ ವಾದವೂ ನಡೆದಿದೆ. ನಾನು ಹೇಳೋದಿಷ್ಟೇ: ಸಾಯೋ ಮನುಷ್ಯನಿಗೆ ತಾನು ಸಾಯ್ತಿದ್ದೀನಿ ಅಂತ ಗೊತ್ತಿರೋದನ್ನ ಬಂಡೆ ಮೇಲೆ ಕೆತ್ತಿದ ನಾಡು ಇದು.

ಅಷ್ಟು ಹಿಂದಕ್ಕೂ ಹೋಗೋದು ಬೇಡ. ನಮ್ಮ ಅಜ್ಜಿಯಂದಿರು ಟ್ರಂಕಿನ ತಳದಲ್ಲಿ "ನನ್ನ ಮಣ್ಣಿಗೆ" ಅಂತ ದುಡ್ಡು ಎತ್ತಿಡ್ತಿರಲಿಲ್ವಾ? ಯಾವ ಹೊಲದ ಯಾವ ಮೂಲೆಯಲ್ಲಿ ಹೂಳಬೇಕು ಅಂತ ತೋರಿಸಿ ಹೋದ ತಾತಂದಿರು ಇಲ್ವಾ? ಎಲ್ಲಾ ಮಕ್ಕಳೂ ಬಂದು ಬಾಯಿಗೆ ನೀರು ಬಿಡಲಿ ಅಂತ ಕಾದಿದ್ದು ಯಾವ ಸಂಸ್ಕೃತಿ? ಮಾತು ನಿಂತದ್ದು ನಮ್ಮ ತಲೆಮಾರಲ್ಲಿ. ಐಸಿಯು ಗಾಜಿನ ಹೊರಗಡೆ ಚಪ್ಪಲಿ ಬಿಟ್ಟು ನಿಂತಾಗ.

ಇದಕ್ಕೆ ಅಮೆರಿಕದಲ್ಲಿ ಒಂದು ಹೆಸರೂ ಇದೆ. 1991ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದು ಅದನ್ನ 'ಕ್ಯಾಲಿಫೋರ್ನಿಯಾ ಮಗಳ ಸಿಂಡ್ರೋಮ್' ಅಂತ ಕರೆಯಿತು. ದೂರದಿಂದ ಕೊನೇಗೆ ಬಂದಿಳಿಯೋ ಮಗಳು "ಏನಾದ್ರೂ ಮಾಡಿ, ಎಲ್ಲಾ ಮಾಡಿ" ಅಂತ ಹಠ ಹಿಡಿತಾಳೆ, ಇಷ್ಟು ದಿನ ಇಲ್ಲದೇ ಇದ್ದದ್ದಕ್ಕೆ ಪ್ರಾಯಶ್ಚಿತ್ತದ ಥರ. ನಮ್ಮಲ್ಲಿ ಆ ಪಾತ್ರ ಬೆಂಗಳೂರಿನ ಮಗನದು.

ಕಾನೂನಾದರೂ ನಮ್ಮ ಪರ ಇದೆಯಾ? ಇಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ: ಬುದ್ಧಿ ನೆಟ್ಟಗಿರೋ ವಯಸ್ಕ ರೋಗಿಯ ಬದಲು ಅವರ ತಾಯಿ ಒಪ್ಪಿಗೆ ಕೊಟ್ಟರೆ ಅದು ಒಪ್ಪಿಗೆಯಲ್ಲ. ಮಗ ಕೊಟ್ಟರೆ ಮಾತ್ರ ಆಗುತ್ತಾ? ದೊಡ್ಡವ್ವ ಇಂಗ್ಲಿಷ್ ಫಾರಂ ಮೇಲೆ ಮೂರು ಕಡೆ ಹೆಬ್ಬೆಟ್ಟೊತ್ತಿದಳು. ಅದರಲ್ಲಿ ಏನಿದೆ ಅಂತ ಓದಿ ಹೇಳಿದವರು ಯಾರೂ ಇಲ್ಲ.

ಒಂದು ಮಾತು ಒಪ್ತೀನಿ. ಎಲ್ಲರಿಗೂ ಎಲ್ಲಾ ಗೊತ್ತಾಗಬೇಕು ಅಂತಿರಲ್ಲ. ರೋಗದ ಹೆಸರು, ಸ್ಟೇಜು, ಇನ್ನೆಷ್ಟು ತಿಂಗಳು ಅಂತ ಪಟಪಟ ಹೇಳಿ ಎದ್ದು ಹೋಗೋ ವೈದ್ಯರೂ ಇದ್ದಾರೆ, ಅದೂ ಕ್ರೌರ್ಯವೇ. ಆದರೆ ಕೇಳೋಕೆ ಏನು ಕಷ್ಟ? "ಅವ್ವ, ಕಾಯಿಲೆ ವಿಷಯ ನಿಮ್ಗೆ ಎಷ್ಟು ಹೇಳ್ಲಿ? ನಿಮ್ಗೇ ಹೇಳ್ಲಾ, ಮಗನ ಹತ್ರ ಮಾತಾಡ್ಲಾ?" ಅಂತ, ಸ್ಟೂಲ್ ಎಳ್ಕೊಂಡು ಕೂತು, ಕನ್ನಡದಲ್ಲಿ. "ನನ್ ಮಗನ್ನೇ ಕೇಳಿ" ಅಂದರೆ ಅದು ಅವಳ ತೀರ್ಮಾನ, ಗೌರವಿಸಿ. ಅವಳನ್ನ ಕೇಳದೆ ಆ ತೀರ್ಮಾನ ನಾವು ತಗೊಂಡರೆ ಅದನ್ನ ಸಂಸ್ಕೃತಿ ಅನ್ನಬೇಡಿ.

ಮುಚ್ಚಿಟ್ಟಿದ್ದರ ಬೆಲೆ ಕೊಟ್ಟವರು ಅತ್ತಿಗೆ. ಬೆಳಿಗ್ಗೆ ದನದ ಕೆಲಸ, ಮಧ್ಯಾಹ್ನ ಗದ್ದೆಗೆ ಬುತ್ತಿ, ಇದರ ನಡುವೆ ಕೆನ್ನೆ ತೂತಾಗಿ ಕೀವು ಸೋರೋ ಗಾಯ ತೊಳೆದು ಬಟ್ಟೆ ಬದಲಿಸಿದ್ದು ಅವರೊಬ್ಬರೇ. ವಾಸನೆಗೆ ನೆಂಟರು ಜಗಲಿಯಲ್ಲೇ ಮಾತಾಡಿಸಿ ಹೋಗ್ತಿದ್ರು. ಅಂಥ ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆಯನ್ನ ಪುಡಿ ಮಾಡಿ ಹಾಕಿದರೆ ವಾಸನೆ ಎಷ್ಟೋ ತಗ್ಗುತ್ತೆ, ಕೆಲವೇ ರೂಪಾಯಿಯ ಮಾತ್ರೆ, ಅಂತ ನನಗೆ ತಿಳಿದದ್ದು ಅವಳು ಹೋಗಿ ವರ್ಷವಾದ ಮೇಲೆ. ಆಸ್ಪತ್ರೆಯಲ್ಲಿ ಅತ್ತಿಗೆ ಜೊತೆ ಯಾರೂ ಮಾತಾಡಲಿಲ್ಲ. ಮಾತೆಲ್ಲ ನಮ್ಮ ಜೊತೆ. ಡಯಟ್ ಚಾರ್ಟ್ ಮಾತ್ರ ಕೊಟ್ಟು ಕಳಿಸಿದ್ರು, ಅದರಲ್ಲಿ ಓಟ್ಸ್ ಇತ್ತು, ರಾಗಿ ಅಂಬಲಿ ಇರಲಿಲ್ಲ.

ನೋವಿನ ಕಥೆ ಇನ್ನೂ ಕೆಟ್ಟದ್ದು. ಕ್ಯಾನ್ಸರ್ ನೋವಿಗೆ ಬಾಯಲ್ಲಿ ನುಂಗೋ ಮಾರ್ಫಿನ್ ಇದೆ, ದುಬಾರಿಯಲ್ಲ. ಅದಕ್ಕೆ ಬೇಕಾದ ಅಫೀಮು ನಮ್ಮ ದೇಶದಲ್ಲೇ ಸರ್ಕಾರದ ಪರವಾನಗಿಯಲ್ಲಿ ಬೆಳೆಯುತ್ತೆ. 1985ರ ಎನ್‌ಡಿಪಿಎಸ್ ಕಾಯ್ದೆಯ ಹೆದರಿಕೆಗೆ ಆಸ್ಪತ್ರೆಗಳು ಅದನ್ನ ಇಡೋದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿ ದಾರಿ ಸಲೀಸು ಮಾಡಿದರೂ ಭಯ ಹೋಗಿಲ್ಲ. ನಮ್ಮ ಭಯ ಬೇರೆ: ಚಟ ಹತ್ತುತ್ತೆ, ಬೇಗ ಸಾಯ್ತಾರೆ. ತಿಳಿದವರು ಅಳತೆ ನೋಡಿ ಕೊಟ್ಟರೆ ಎರಡೂ ಸುಳ್ಳು. ಆದರೆ 'ಬರೀ ಹುಣ್ಣು' ಅಂತ ಹೇಳಿರೋ ಮನೆಯಲ್ಲಿ ಮಾರ್ಫಿನ್ ಕೇಳೋದು ಹೇಗೆ? ನಾಟಕ ನಡೆಯಬೇಕಲ್ಲ, ಪ್ಯಾರಾಸಿಟಮಾಲ್ ಕೊಟ್ಟೆವು.

ದಾರಿ ಇಲ್ಲದೇ ಇರಲಿಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನ ಒಂದು ರೂಪಾಯಿಯೂ ತಗೊಳ್ಳದೆ ನೋಡ್ಕೊಳ್ತಿದೆ. ನಾನು ಎಷ್ಟೋ ಸಲ ಅದರ ಮುಂದಿನ ರಸ್ತೆಯಲ್ಲೇ ಆಫೀಸಿಗೆ ಹೋಗಿದ್ದೀನಿ. ಮಲ್ಲಿಪಟ್ಟಣದಿಂದ ಕೊಡಗು ದಾಟಿದರೆ ಕೇರಳ. ಅಲ್ಲಿ 2008ರಿಂದಲೇ ಸರ್ಕಾರದ ಪ್ಯಾಲಿಯೇಟಿವ್ ಕೇರ್ ನೀತಿ ಇದೆ, ಪಂಚಾಯ್ತಿ ಕಡೆಯಿಂದ ನರ್ಸ್ ಮನೆಗೇ ಬರ್ತಾರೆ. ಅರಕಲಗೂಡಿನ ಹೋಬಳಿಗಳಿಗೆ ಅಂಥ ನರ್ಸ್ ಯಾವಾಗ ಅಂತ ಎಂಎಲ್ಎ ಹತ್ತಿರ ಕೇಳೋ ಬದಲು ನಾವು ಊರ ದೇವಸ್ಥಾನಕ್ಕೆ ಎಲ್ಇಡಿ ಆರ್ಚ್ ಕೇಳ್ತೀವಿ.

ಇನ್ನು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು: ಸುಪ್ರೀಂ ಕೋರ್ಟಿನ 2023ರ ಸೂಚನೆಯ ಪ್ರಕಾರ, ವಾಸಿಯಾಗೋ ಆಸೆ ಇಲ್ಲದಾಗ ಯಂತ್ರಗಳ ಮೇಲೆ ಇಡಬೇಡಿ ಅಂತ ಮೊದಲೇ ಬರೆದಿಡಬಹುದು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ಮುಗೀತು. ನಮ್ಮವರೆಲ್ಲ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿ ಕೈ ಮುಗಿಯೋ ಎಮೋಜಿ ಹಾಕಿದರು. ಹುಣ್ಣು ಅಂತ ನಂಬಿಸಿ ಮಲಗಿಸಿದವರು ಅದನ್ನ ಬರೆಯೋದು ಹೇಗೆ ಅಂತ ಯಾರೂ ಕೇಳಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಧೈರ್ಯ ಮಾಡಿ ಅಪ್ಪನ ಹತ್ತಿರ ಈ ವಿಷಯ ತೆಗೆದೆ. ಬೈತಾರೆ ಅಂದ್ಕೊಂಡಿದ್ದೆ. ಕನ್ನಡಕ ತೆಗೆದು ಒರೆಸಿಕೊಂಡು, "ಐಸಿಯು-ಗೈಸಿಯು ಬ್ಯಾಡ ಕಣಪ್ಪ, ಹಟ್ಟಿಗೆ ಕರ್ಕೊಂಡ್ ಬಂದ್ಬುಡು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಿಂದೂ ಒಂದು ಬರ್ದಿಡು, ದಿನಾ ಆ ರೋಡಲ್ಲಿ ಬೈಕಲ್ಲಿ ಹೋಗ್ತೀಯ" ಅಂದರು.