ಚಕ್ರವನ್ನೂ ಅಳೆಯಿರಿ

'20 ಇಂಚು, ಕ್ಯಾಬಿನ್ ಸೈಜ್' ಎಂದು ಗಲ್ಫಿಗೆ ಹೊರಟವರಿಗೆ ಟ್ರಾಲಿ ಮಾರುವ ಅಂಗಡಿಯವರೇ, ಆ ಅಳತೆಯಲ್ಲಿ ಚಕ್ರ ಎಲ್ಲಿದೆ? 20 ಇಂಚು ಅಂದರೆ 50.8 ಸೆಂಟಿಮೀಟರ್, ಅದೂ ಬರೀ ಪೆಟ್ಟಿಗೆಯದ್ದು. ಚಕ್ರ, ಹಿಡಿ ಸೇರಿ 5 ಏರಿದರೆ 55ರ ಮಿತಿ ದಾಟಿತು. ಅಗ್ಗದ ವಿಮಾನದವರು ಚಕ್ರ ಸೇರಿಸಿಯೇ ಅಳೆಯುತ್ತಾರೆ. ತೂಕದ ಕತೆ ಇನ್ನೂ ಕೆಟ್ಟದು: 7 ಕಿಲೋದಲ್ಲಿ ಗಟ್ಟಿ ಟ್ರಾಲಿಯೇ ಎರಡೂವರೆ ನುಂಗುತ್ತದೆ. ಗೇಟಿನಲ್ಲಿ ಹೆಚ್ಚುವರಿ ದುಡ್ಡು ತೆರುವವನು ಮೊದಲ ಸಂಬಳವನ್ನೇ ಕಾಣದ ಹುಡುಗ. ದುಡ್ಡಿಲ್ಲದಿದ್ದರೆ ಉಮ್ಮ ಕಟ್ಟಿಕೊಟ್ಟ ಪತ್ತಿರಿ ಹೊರಗೆ. ನಾನೂ ಅಂಗಡಿಯವನ ಮಗ. ಅಳತೆ ಮುಚ್ಚಿಟ್ಟು ಮಾರುವುದು ವ್ಯಾಪಾರವಲ್ಲ.

ಮನೆಯವರೂ ಕೇಳಿ: ಹೊಳೆಯುವ ಟ್ರಾಲಿ ಇಲ್ಲದೆ ದುಬೈಗೆ ಹೋದರೆ ಮರ್ಯಾದೆ ಹೋಗದು. ಬಟ್ಟೆಯ ಚೀಲ ಹಗುರ, ಒತ್ತಿದರೆ ಬಗ್ಗುತ್ತದೆ. ಟ್ರಾಲಿಯೇ ಬೇಕೆಂದರೆ ಟೇಪು ಹಿಡಿದು ಅಂಗಡಿಗೆ ಹೋಗಿ, ಚಕ್ರ ನೆಲಕ್ಕೆ ಊರಿಸಿ ಅಳೆಯಿರಿ.