ಮೆಲನೋಮಾಗೆ ಟಿಐಎಲ್: ಬೇಗ ಕೊಡಬೇಕೇ, ಕಡೆಗೆ ಇಟ್ಟುಕೊಳ್ಳಬೇಕೇ?

ಮೆಲನೋಮಾ ಪ್ರಾಣಕ್ಕೆ ಎರವಾಗುವ ಚರ್ಮದ ಕ್ಯಾನ್ಸರ್. ಅದು ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡಿದ ಮೇಲೆ ಇಂದು ಸಾಮಾನ್ಯವಾಗಿ ಮೊದಲು ಕೊಡುವುದು, ಟಿ ಕೋಶವೆಂಬ ರೋಗನಿರೋಧಕ ಕೋಶಗಳಿಗೆ ಕಡಿವಾಣ ಹಾಕುವ ಪಿಡಿ-1 ಪ್ರೋಟೀನನ್ನು ತಡೆಯುವ ಔಷಧ. ಅದು ಕೈಕೊಟ್ಟವರಿಗೆ ಇನ್ನೊಂದು ದಾರಿಯಿದೆ. ರೋಗಿಯ ಒಂದು ಗಡ್ಡೆಯನ್ನು ಕತ್ತರಿಸಿ ತೆಗೆದು, ಅದರೊಳಗೆ ಸೇರಿಕೊಂಡಿರುವ ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ನೂರಾರು ಕೋಟಿಗಳಷ್ಟು ಬೆಳೆಸಿ, ಅದೇ ರೋಗಿಯ ರಕ್ತಕ್ಕೆ ಮರಳಿ ಏರಿಸುವುದು. ಇದೇ ಟಿಐಎಲ್ ಚಿಕಿತ್ಸೆ. ಪಿಡಿ-1 ಸೋತ ಕೂಡಲೇ ಇದನ್ನು ಕೊಡಬೇಕೇ, ಉಳಿದದ್ದೆಲ್ಲ ಮುಗಿದ ಮೇಲೆ ನೋಡಬೇಕೇ ಎಂಬುದು ಪ್ರಶ್ನೆ.

ಪರ: ಕೂಡಲೇ ಕೊಡಬೇಕು

ಇದು ನಿನ್ನೆ ಮೊನ್ನೆಯ ಹುಮ್ಮಸ್ಸಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸರ್ಜನ್ ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ಮೆಲನೋಮಾ ರೋಗಿಗಳಲ್ಲಿ ಇದರ ಫಲ ಕಂಡು ವರದಿ ಮಾಡಿದ್ದು 1988ರಲ್ಲಿ. ಆದರೆ ಏರಿಸಿದ ಕೋಶಗಳು ದೇಹದಲ್ಲಿ ಹೆಚ್ಚು ದಿನ ಉಳಿಯುತ್ತಿರಲಿಲ್ಲ. 2002ರಲ್ಲಿ ಅದೇ ತಂಡ ಉಪಾಯ ತೋರಿಸಿತು: ಮೊದಲು ಕೀಮೋ ಕೊಟ್ಟು ದೇಹದಲ್ಲಿರುವ ಲಿಂಫೋಸೈಟ್‌ಗಳನ್ನು (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳನ್ನು) ಕಡಿಮೆ ಮಾಡುವುದು. ಕಳೆ ಕಿತ್ತ ಗದ್ದೆಯಲ್ಲಿ ಪೈರು ಬೇರೂರುವ ಹಾಗೆ, ಆಮೇಲೆ ಬಂದ ಕೋಶಗಳು ನೆಲೆಯೂರಿದವು.

ಗಟ್ಟಿ ಪುರಾವೆ ಸಿಕ್ಕಿದ್ದು ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ವೈದ್ಯ ಜಾನ್ ಹಾನೆನ್ ಮುಂದಾಳತ್ವದಲ್ಲಿ 168 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಟಿಐಎಲ್, ಇನ್ನೊಂದಕ್ಕೆ ಇಪಿಲಿಮುಮಾಬ್ ಎಂಬ ಔಷಧ ಕೊಡಲಾಯಿತು. ಹೆಚ್ಚಿನವರಲ್ಲಿ ಪಿಡಿ-1 ಔಷಧ ಆಗಲೇ ಸೋತಿತ್ತು. ಫಲಿತಾಂಶ 2022ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಟಿಐಎಲ್ ಗುಂಪಿನ ಶೇ. 49 ಮಂದಿಯಲ್ಲಿ, ಇನ್ನೊಂದರಲ್ಲಿ ಶೇ. 21. ಕಾಯಿಲೆ ಮುಂದುವರಿಯದೆ ನಿಂತ ಮಧ್ಯಮ ಅವಧಿ 7.2 ತಿಂಗಳು, ಇನ್ನೊಂದರಲ್ಲಿ 3.1. ತಿಂಗಳ ಲೆಕ್ಕ ಸಣ್ಣದೆನಿಸಬಹುದು. ಆದರೆ ಟಿಐಎಲ್ ಗುಂಪಿನ ನೂರಕ್ಕೆ ಇಪ್ಪತ್ತು ಮಂದಿಯ ಸ್ಕ್ಯಾನ್‌ನಲ್ಲಿ ಗಡ್ಡೆಗಳೇ ಕಾಣದಂತಾದವು. 2011ಕ್ಕೆ ಮುಂಚೆ, ಹರಡಿದ ಮೆಲನೋಮಾ ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು ಎಂಬುದನ್ನು ಬಲ್ಲವರಿಗೆ ಆ ಇಪ್ಪತ್ತರ ತೂಕ ಗೊತ್ತು.

ಬೇಗ ಏಕೆ? ಕೋಶ ಬೆಳೆಸಲು ನಾಲ್ಕೈದು ವಾರ ಬೇಕು. ಕತ್ತರಿಸಲು ಕೈಗೆಟಕುವ ಗಡ್ಡೆ ಬೇಕು. ಹೃದಯ, ಶ್ವಾಸಕೋಶ, ಮೂತ್ರಪಿಂಡ ಗಟ್ಟಿಯಾಗಿರಬೇಕು. ಒಂದೊಂದೇ ಔಷಧ ಸೋಲುವವರೆಗೆ ಕಾದರೆ ರೋಗಿಗೆ ಉಳಿಯುವುದು ಹಾಸಿಗೆ ಹಿಡಿದ ದೇಹ. ಆಗ ಈ ಚಿಕಿತ್ಸೆ ಹೆಸರಿಗಷ್ಟೇ ಆಯ್ಕೆ.

ವಿರೋಧ: ಅವಸರ ಬೇಡ

ಅದೇ ಪ್ರಯೋಗದ ಇನ್ನೊಂದು ಪುಟವನ್ನೂ ಓದಬೇಕು. ಟಿಐಎಲ್ ಪಡೆದ ಪ್ರತಿಯೊಬ್ಬರಿಗೂ ತೀವ್ರ ಮಟ್ಟದ ಅಡ್ಡಪರಿಣಾಮ ಆಯಿತು; ಇಪಿಲಿಮುಮಾಬ್ ಪಡೆದವರಲ್ಲಿ ಶೇ. 57. ಕೀಮೋದಿಂದ ರಕ್ತಕಣಗಳು ಕುಸಿದು ಸೋಂಕು ತಗಲುತ್ತದೆ. ಕೋಶಗಳಿಗೆ ಬೆಂಬಲವಾಗಿ ಕೊಡುವ ಇಂಟರ್‌ಲ್ಯೂಕಿನ್-2 ರಕ್ತನಾಳಗಳಿಂದ ನೀರು ಸೋರುವಂತೆ ಮಾಡಿ ರಕ್ತದೊತ್ತಡ ಇಳಿಸುತ್ತದೆ. ಬದುಕಿದ ಒಟ್ಟು ಅವಧಿಯಲ್ಲೂ (25.8 ತಿಂಗಳು, 18.9 ತಿಂಗಳು) ಟಿಐಎಲ್ ಮುಂದಿದ್ದರೂ, ಆ ಅಂತರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಖಚಿತವಾಗಲಿಲ್ಲ. ಎದುರಾಳಿಯಾಗಿ ನಿಂತದ್ದೂ ಇಪಿಲಿಮುಮಾಬ್ ಒಂದೇ; ಇಂದು ಅದನ್ನು ಪಿಡಿ-1 ಔಷಧದ ಜೊತೆಗೂಡಿಸಿ ಕೊಡುತ್ತಾರೆ. ಬಿಆರ್‌ಎಎಫ್ ಜೀನ್‌ನಲ್ಲಿ ದೋಷವಿದ್ದವರಿಗೆ ಮಾತ್ರೆಗಳೂ ಇವೆ.

ಅಮೆರಿಕದಲ್ಲಿ 2024ರ ಫೆಬ್ರವರಿಯಲ್ಲಿ ಅನುಮತಿ ಪಡೆದ ಆಮ್ಟಾಗ್ವಿ ಎಂಬ ಟಿಐಎಲ್ ಉತ್ಪನ್ನಕ್ಕೆ ಆಧಾರವಾದದ್ದು, ಹೋಲಿಕೆಯ ಗುಂಪೇ ಇಲ್ಲದ ಅಧ್ಯಯನ. 73 ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದು ಶೇ. 31.5 ಮಂದಿಗೆ. ಸಾವಿನ ಅಪಾಯದ ಎಚ್ಚರಿಕೆಯನ್ನು ಅದರ ಮಾಹಿತಿಪತ್ರದಲ್ಲೇ ಚೌಕಟ್ಟು ಹಾಕಿ ಮುದ್ರಿಸಿದ್ದಾರೆ. ಅನುಮತಿ ಸಿಕ್ಕಾಗ ಬೆಲೆ 5,15,000 ಡಾಲರ್, ಅಂದರೆ ನಾಲ್ಕು ಕೋಟಿ ರೂಪಾಯಿಗೂ ಹೆಚ್ಚು. ಆಸ್ಪತ್ರೆಯ ಖರ್ಚು ಬೇರೆ.

ನಮ್ಮವರ ಪಾಲಿಗೆ ಇನ್ನೊಂದು ತೊಡಕಿದೆ. ಕಪ್ಪು, ಕಂದು ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ. ಬಂದರೆ ಬಹುಪಾಲು ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಿಳಿಯರ ಮೈಯಲ್ಲಿ ಬಿಸಿಲಿನಿಂದ ಹುಟ್ಟುವ ಬಗೆಗೆ ಹೋಲಿಸಿದರೆ ಇದು ಪಿಡಿ-1ರಂಥ ಔಷಧಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಯುರೋಪಿನ ಶೇಕಡಾವಾರುಗಳನ್ನು ಇಲ್ಲಿಯ ರೋಗಿಗೆ ಹಾಗೇ ಹೇಳುವುದು ಅನ್ಯಾಯ.

ತೀರ್ಪು

ನಾನು ಪರದ ಕಡೆ ನಿಲ್ಲುತ್ತೇನೆ. ವಿರೋಧದ ಮಾತುಗಳು ನಿಜ, ಆದರೆ ಅವು ರೋಗಿಯನ್ನು ಆರಿಸುವಾಗ ನೆನಪಿಡಬೇಕಾದವು. ಬಾಗಿಲು ಮುಚ್ಚಲು ಕಾರಣವಾಗಬಾರದು. ದೇಹ ತಾಳುವವರಿಗೆ, ಎಲ್ಲ ಅಪಾಯ ಬಿಡಿಸಿ ಹೇಳಿ, ಪಿಡಿ-1 ಸೋತ ಕೂಡಲೇ ಕೊಡಬೇಕು. ಬೆಲೆಯ ಗೋಡೆಯೂ ಒಡೆಯಬಲ್ಲದು. ಯುರೋಪಿನ ಆ ಪ್ರಯೋಗದ ಕೋಶಗಳು ಕಂಪನಿಯ ಸರಕಾಗಿರಲಿಲ್ಲ. ರಕ್ತದ ಕ್ಯಾನ್ಸರ್‌ಗೆ ಬಾಂಬೆ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಟಿ ಕೋಶ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಅದರ ಬೆಲೆ ಅಮೆರಿಕದ ಅಂಥದೇ ಚಿಕಿತ್ಸೆಗಳ ಒಂದು ಸಣ್ಣ ಪಾಲಷ್ಟೆ. ಕೋಶ ಬೆಳೆಸುವ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತಿದೆ.

ಓದುಗರಲ್ಲಿ ಒಂದು ಮನವಿ. ಅಂಗಾಲಿನಲ್ಲೋ ಉಗುರಿನಡಿಯಲ್ಲೋ ಹೊಸದಾಗಿ ಕಪ್ಪು ಮಚ್ಚೆ ಅಥವಾ ಗೆರೆ ಮೂಡಿ ದೊಡ್ಡದಾಗುತ್ತಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ಚರ್ಮವೈದ್ಯರಿಗೆ ತೋರಿಸಿ. ತೆಳುವಾಗಿದ್ದಾಗಲೇ ಸಿಕ್ಕ ಮೆಲನೋಮಾ ಬಹುತೇಕ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತದೆ.